ಒಬ್ಬರೇ ತುಂಬುವ ಪೀಪಾಯಿ

ಗದ್ದಕ್ಕೆ ಬ್ಲೇಡು ತಾಗಿ ಸಾಸಿವೆ ಕಾಳಿನಷ್ಟು ರಕ್ತ ಮೂಡಿದಾಗ ಮಾನೂಗ್ ಕಣ್ಣು ಕಿರಿದು ಮಾಡಿದ, ಉಸಿರು ಒಳಗೆಳೆದುಕೊಂಡ, ಆಮೇಲೆ ಎಂದಿನ ಮೆತ್ತಗಿನ ದನಿಯಲ್ಲಿ "ಮೆರ್ಸಿ" ಅಂದ. ಅವನ ಹೆಂಡತಿ ಜಬೆಲ್‌ಗೆ ಕೈಯಲ್ಲಿದ್ದ ಕ್ಷೌರದ ಬ್ರಷ್ಷನ್ನು ಗೋಡೆಗೆ ಎಸೆದುಬಿಡಬೇಕು ಅನ್ನಿಸಿತು. ಗಾಯ ಮಾಡಿದರೂ ಮೆರ್ಸಿ, ಸೂಪು ಕುಡಿಸಿದರೂ ಮೆರ್ಸಿ, ನೀರು ಬೇಕಾದರೂ ಮೆರ್ಸಿ, ಬೇಡವಾದರೂ ಮೆರ್ಸಿ. ಅವರಿದ್ದ ಬುರ್ಜ್ ಹಮ್ಮೂದ್ ಬಡಾವಣೆಯ ಬೀದಿಗಳಲ್ಲಿ ಬ್ರೆಡ್ಡಿನ ಅಂಗಡಿಯವನಿಗೂ, ಮೆಟ್ಟಿಲ ಮೇಲೆ ದಾರಿ ಬಿಟ್ಟವನಿಗೂ ಜನ ದಿನವಿಡೀ ಯೋಚನೆಯಿಲ್ಲದೆ ಹೇಳಿಹೋಗುವ ಧನ್ಯವಾದದ ಮಾತು ಅದು. ಲಕ್ವ ಹೊಡೆದ ದಿನ ಅವನ ಬಲಗೈ, ಬಲಗಾಲಿನ ಜೊತೆಗೆ ಮಾತೆಲ್ಲ ಹೋಗಿ ಅದೊಂದು ಮಾತ್ರ ಯಾಕೋ ಬಾಯಿಯಲ್ಲಿ ಉಳಿದುಕೊಂಡಿತ್ತು. "ರೂಢಿಯ ಮಾತು ಕೆಲವರಿಗೆ ಹಾಗೆ ಉಳಿಯುತ್ತೆ ಅಮ್ಮ, ಅದಕ್ಕೆ ಅರ್ಥ ಹುಡುಕೋಕೆ ಹೋಗಬೇಡಿ" ಎಂದು ಆಸ್ಪತ್ರೆಯಲ್ಲಿ ಆ ಎಳೆಯ ಡಾಕ್ಟರು ಸಮಾಧಾನ ಹೇಳಿದ್ದ. ಆದರೆ ಅರ್ಥ ಹುಡುಕದೆ ಇರುವುದು ಹೇಗೆ? ಮದುವೆಯಾದ ಮೂವತ್ತು ವರ್ಷದಲ್ಲಿ ಈ ಮನುಷ್ಯ ಅವಳಿಗೆ ಒಂದು ಸಲವಾದರೂ ಆ ಮಾತು ಹೇಳಿದ್ದು ಅವಳಿಗೆ ನೆನಪಿಲ್ಲ. ಅಂಗಡಿಯವನಿಗೆ ಹೇಳುತ್ತಿದ್ದ, ಬಸ್ಸಿನವನಿಗೆ ಹೇಳುತ್ತಿದ್ದ. ಹೆಂಡತಿಗೆ ಯಾರಾದರೂ ಹೇಳುತ್ತಾರೆಯೇ?

ರಕ್ತದ ಮೇಲೆ ಹತ್ತಿ ಒತ್ತಿ ಹಿಡಿದು ನಿಂತಾಗ ಅವಳಿಗೆ ತನ್ನ ಸಿಟ್ಟಿನ ಬಗ್ಗೆಯೇ ಅನುಮಾನ ಬಂತು. ಅಷ್ಟು ಸಿಟ್ಟು ಇದ್ದರೆ ನಿನ್ನೆ ಸಂಜೆ ಅವನ ಕಾಲಿಗೆ ಎಣ್ಣೆ ತಿಕ್ಕುವಾಗ ಮನಸ್ಸು ಅಷ್ಟು ಹಗುರಾಗಿತ್ತು ಯಾಕೆ? ಮಾನೂಗ್ ಚಪ್ಪಲಿ ಕಾರ್ಖಾನೆಯಲ್ಲಿ ತೊಗಲು ಕತ್ತರಿಸುತ್ತಿದ್ದವನು. ಚೂರಿಯೂ ಹರಿತ, ನಾಲಿಗೆಯೂ ಹರಿತ. ಭಾನುವಾರ ಬಾಲ್ಕನಿಯಲ್ಲಿ ಸ್ನೇಹಿತರನ್ನು ಕೂರಿಸಿಕೊಂಡು, ಮನೆಯಲ್ಲೇ ಮಾಡಿದ ಬಿಯರು ಸುರಿದು, ಇಡೀ ಗಲ್ಲಿಗೆ ಕೇಳುವಂತೆ ಮಾತಾಡುತ್ತಿದ್ದ. ಅವಳು ಹುರಿದ ಬದನೆಯಲ್ಲಿ ಉಪ್ಪು ಹೆಚ್ಚಾದರೆ ಅದೂ ಒಂದು ಕತೆಯಾಗಿ ಎದುರು ಮನೆಯವರಿಗೆ ತಲುಪುತ್ತಿತ್ತು. ಈಗ ಮನೆಯಲ್ಲಿ ಅವಳ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಈ ಸದ್ದಿಲ್ಲದ ಮನೆ ತನಗೆ ಹಿತವಾಗುತ್ತಿದೆ ಎಂದು ಹೊಳೆದ ದಿನ ಅವಳು ಅಡಿಗೆಮನೆಗೆ ಹೋಗಿ, ಯಾವ ಕಾರಣವೂ ಇಲ್ಲದೆ, ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದಿದ್ದಳು.

ಮಾನೂಗ್ ಹತ್ತಿಯ ಜೊತೆಗೆ ಅವಳ ಕೈಯನ್ನೂ ಪಕ್ಕಕ್ಕೆ ತಳ್ಳಿ ಎಡಗೈ ಚಾಚಿ ತೋರಿಸಿದ. ಏನನ್ನೆಂದು ನೋಡುವ ಅಗತ್ಯವಿರಲಿಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಅವನು ದಿನಕ್ಕೊಮ್ಮೆಯಾದರೂ ತೋರಿಸುತ್ತಿದ್ದದ್ದು ಅಡಿಗೆಮನೆಯ ಮೂಲೆಯಲ್ಲಿ ಹಳೆಯ ಕಂಬಳಿ ಹೊದ್ದು ಕೂತಿದ್ದ ಬಿಳಿ ಪ್ಲಾಸ್ಟಿಕ್ ಡ್ರಮ್ಮನ್ನು. ಲಕ್ವ ಹೊಡೆಯುವ ವಾರವೇ ಅವನು ಬಾರ್ಲಿ ಮಾಲ್ಟು ಕುದಿಸಿ, ಕಹಿಗೆಂದು ಹಾಪ್ಸ್ ಹೂವು ಹಾಕಿ, ಯೀಸ್ಟು ಬೆರೆಸಿ ಮುಚ್ಚಿಟ್ಟಿದ್ದ ಬಿಯರು ಅದು. ಅವನು ಆಸ್ಪತ್ರೆಯಲ್ಲಿದ್ದಾಗ ಅದು ತನ್ನ ಪಾಡಿಗೆ ಗುಳುಗುಳು ಅಂದು, ಹುಳಿತು, ತಣ್ಣಗಾಗಿ, ತಿಳಿಯಾಗಿ ಕೂತಿತ್ತು. ಚೆಲ್ಲಿಬಿಡಬೇಕು ಎಂದು ಅವಳು ಎಷ್ಟೋ ಸಲ ಕಂಬಳಿ ತೆಗೆದಿದ್ದಳು. ಡ್ರಮ್ಮಿನ ಪಕ್ಕದಲ್ಲಿದ್ದ ಸ್ಟೀಲಿನ ಪೀಪಾಯಿ ಕಣ್ಣಿಗೆ ಬಿದ್ದೊಡನೆ ಮತ್ತೆ ಹೊದಿಸಿಬಿಡುತ್ತಿದ್ದಳು.

ಆ ಪೀಪಾಯಿಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಮೊಣಕಾಲಿಗಿಂತ ತುಸು ಎತ್ತರ, ಕರಿ ರಬ್ಬರಿನ ಹಿಡಿ, ತಲೆಯ ಮೇಲೆ ಎರಡು ಮೂತಿ, ನಡುವೆ ಮೊಟ್ಟೆಯಾಕಾರದ ಮುಚ್ಚಳ. ಮುಚ್ಚಿಹೋದ ಯಾವುದೋ ಹೋಟೆಲಿನಲ್ಲಿ ತಂಪುಪಾನೀಯ ತುಂಬುತ್ತಿದ್ದದ್ದು; ಫ್ರಿಜ್ ರಿಪೇರಿ ಮಾಡುವ ನಿಶಾನ್ ಸೋಡಾ ಗ್ಯಾಸಿನ ಸಿಲಿಂಡರಿನ ಸಮೇತ ಗೆಳೆಯನಿಗೆ ಕೊಟ್ಟಿದ್ದ. ಅದಕ್ಕೆ ಮುಂಚೆ ಬಿಯರೆಲ್ಲ ಬಾಟಲಿಗೆ ಹೋಗುತ್ತಿತ್ತು. ಬಾಟಲಿಗೆ ಇಬ್ಬರು ಬೇಕು: ಅವನು ಕೊಳವೆ ಹಿಡಿದು ತುಂಬುತ್ತಿದ್ದ, ಅವಳು ಎರಡು ಹಿಡಿಯ ಒತ್ತುಯಂತ್ರದಿಂದ ಮುಚ್ಚಳ ಒತ್ತುತ್ತಿದ್ದಳು. ಅದಕ್ಕೂ ಮೊದಲು ಬಾಟಲಿಗಳನ್ನು ನೆನೆಹಾಕಿ, ಬ್ರಷ್ಷಿನಿಂದ ತಿಕ್ಕಿ, ಬಿಸಿನೀರಿನಲ್ಲಿ ಅದ್ದಿ ಸಾಲಾಗಿ ಬೋರಲು ಹಾಕುವುದೂ ಅವಳೇ. ಕೊನೆಯ ಸಲ ಅವಳು ಒತ್ತುಯಂತ್ರವನ್ನು ನೆಲಕ್ಕೆ ಕುಕ್ಕಿ, "ನಿನ್ನ ಬಿಯರು, ನಿನ್ನ ಸ್ನೇಹಿತರು. ಕೂಲಿ ಆಳು ಮಾತ್ರ ನಾನಾ?" ಎಂದು ಕೂಗಿದ್ದಳು. ಕೆಲವು ದಿನ ಬಿಟ್ಟು ಅವನು ಈ ಪೀಪಾಯಿಯನ್ನು ಹೆಗಲ ಮೇಲೆ ಹೊತ್ತು ನಾಲ್ಕು ಮಹಡಿ ಹತ್ತಿ ಬಂದು ಅವಳ ಹೊಲಿಗೆ ಯಂತ್ರದ ಮುಂದೆ ದೊಪ್ಪನೆ ಇಟ್ಟು ಹೇಳಿದ್ದ: "ನೋಡು, ಇದಕ್ಕೆ ಒಬ್ಬರೇ ಸಾಕು. ಇನ್ಮೇಲೆ ನಿನ್ನ ಹಂಗಿಲ್ಲ."

ಹಂಗಿಲ್ಲ. ಅವತ್ತಿನಿಂದ ಅವಳು ಅವನ ಜೊತೆ ಮಾತು ಬಿಟ್ಟಿದ್ದಳು. ಲಕ್ವ ಹೊಡೆದ ಬೆಳಿಗ್ಗೆ ಅವನು ಅಡಿಗೆಮನೆಯಿಂದ ಏನೋ ತೊದಲಿದ್ದು ಕೇಳಿಸಿತ್ತು. ತನ್ನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡು ಬಾಗಿಲು ಎಳೆದುಕೊಂಡು ಸಂತೆಗೆ ಹೋಗಿ, ಬೇಕೆಂದೇ ನಿಧಾನವಾಗಿ ಪಾಲಕ್ ಆರಿಸಿ, ಬೇಕೆಂದೇ ಒಂದೊಂದು ಮೆಟ್ಟಿಲಿಗೂ ನಿಂತು ಹತ್ತಿ ಬಂದಿದ್ದಳು. ಅವನು ಅಡಿಗೆಮನೆಯ ನೆಲದ ಮೇಲೆ ಬಿದ್ದಿದ್ದ; ಪಾಲಕ್ ಅವಳ ಕೈಯಿಂದ ಜಾರಿ ಅವನ ಮೇಲೆಯೇ ಬಿದ್ದಿತ್ತು. ಎಷ್ಟು ಹೊತ್ತಾಯಿತು ಎಂದು ಆಸ್ಪತ್ರೆಯಲ್ಲಿ ಕೇಳಿದಾಗ "ಈಗ ತಾನೇ" ಅಂದಿದ್ದಳು.

"ಸರಿ," ಎಂದಳು ಈಗ, ಅವನ ಮುಖದ ಸಾಬೂನು ಒರೆಸುತ್ತ. "ಇವತ್ತು ಅದನ್ನ ಮುಗಿಸೇ ಬಿಡೋಣ. ನಂಗೇನೂ ಗೊತ್ತಿಲ್ಲ, ಹೇಳಿಬಿಟ್ಟಿದೀನಿ."

"ಮೆರ್ಸಿ," ಎಂದ ಮಾನೂಗ್.

ಅವನನ್ನು ಅಡಿಗೆಮನೆಯ ಕುರ್ಚಿಯಲ್ಲಿ ದಿಂಬು ಕೊಟ್ಟು ಕೂರಿಸಿದಳು. ಪೀಪಾಯಿಯ ಮುಚ್ಚಳ ತೆಗೆದರೆ ಒಳಗಿಂದ ಹಳೆಯ ಕೋಲಾದ ಸಿಹಿ ವಾಸನೆ ಬಂತು. ಕುದಿನೀರಿಗೆ ಸೋಡಾಪುಡಿ ಹಾಕಿ ಕುಲುಕಿದಳು, ಚೆಲ್ಲಿದಳು. ಎತ್ತಿ ಅವನ ಮೂಗಿಗೆ ಹಿಡಿದಳು. ಅವನು ಮೂಸಿ ತಲೆಯಾಡಿಸಿದ, ಸಾಲದು. ಮತ್ತೊಮ್ಮೆ. ತಲೆಯಾಡಿಸಿದ. ಇನ್ನೂ ಒಮ್ಮೆ ಆದ ಮೇಲೆ ಮೂಗು ಬಾಯೊಳಗೇ ಇಟ್ಟು ತುಂಬ ಹೊತ್ತು ಮೂಸಿ, ಸಾಕು ಎಂಬಂತೆ ಕೈ ಬೀಸಿದ. ಅವನ ಕಪಾಟಿನಲ್ಲಿದ್ದ ಸೋಂಕು ತೆಗೆಯುವ ದ್ರವವನ್ನು ನೀರಿಗೆ ಬೆರೆಸಿ ಕೊಳವೆ, ಮುಚ್ಚಳ, ಪೀಪಾಯಿಯ ಒಳಗು ಎಲ್ಲವನ್ನೂ ಅದ್ದಿದಳು. ಡ್ರಮ್ಮನ್ನು ಮೇಜಿನ ಮೇಲೆ ಏರಿಸುವಾಗ ಮಣಿಕಟ್ಟು ಚುಳ್ಳೆಂದಿತು, ಹಲ್ಲು ಕಚ್ಚಿದಳು. ಡ್ರಮ್ಮಿನ ನಲ್ಲಿಗೆ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಪೀಪಾಯಿಯ ತಳ ಮುಟ್ಟುವವರೆಗೆ ಇಳಿಬಿಟ್ಟು ನಲ್ಲಿ ತಿರುಗಿಸಿದಳು. ಜೇನಿನ ಬಣ್ಣದ ಬಿಯರು ಸದ್ದಿಲ್ಲದೆ ಇಳಿಯತೊಡಗಿತು. ಅವಳ ಜೀವನದಲ್ಲಿ ಎಷ್ಟು ನೂರು ಬಾಟಲಿಗೆ ಮುಚ್ಚಳ ಒತ್ತಿದ್ದಾಳೋ, ಅದರ ಬಣ್ಣ ಇಷ್ಟು ಚೆಂದ ಎಂದು ಒಮ್ಮೆಯೂ ನೋಡಿರಲಿಲ್ಲ. ತಲೆ ಎತ್ತಿದರೆ ಮಾನೂಗ್ ಬಿಯರನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಯಾಕೋ ಅವಳು ತಲೆಗೂದಲು ಸರಿಮಾಡಿಕೊಂಡಳು.

ಮುಚ್ಚಳವನ್ನು ಓರೆಯಾಗಿ ಒಳಗಿಳಿಸಿ ಮೇಲೆಳೆದು ಕೊಂಡಿ ಹಾಕಿದ್ದಾಯಿತು. ಇನ್ನು ಗ್ಯಾಸು. ಸಿಲಿಂಡರಿನ ಕೊಳವೆ ಹಿಡಿದು ಎರಡು ಮೂತಿಗಳಲ್ಲಿ ಹತ್ತಿರವಿದ್ದದ್ದಕ್ಕೆ ಒತ್ತಿದಳು. ಕೂರಲಿಲ್ಲ. ಒತ್ತಿದಳು. ಇಂಥವೆಲ್ಲ ಮೊದಲ ಸಲ ಬಿಗಿ ಇರುತ್ತವೆ ಎಂದುಕೊಂಡು ಪೀಪಾಯಿಯನ್ನು ಮೊಣಕಾಲಿನ ಮಧ್ಯೆ ಸಿಕ್ಕಿಸಿ ಮೈಭಾರ ಬಿಟ್ಟು ಒತ್ತಿದಳು.

"ಮೆರ್ಸಿ," ಎಂದ ಮಾನೂಗ್.

"ಇರು, ಇರು."

"ಮೆರ್ಸಿ. ಮೆರ್ಸಿ! ಮೆರ್ಸಿ, ಮೆರ್ಸಿ, ಮೆರ್ಸೀ!"

ಕೊನೆಯದು ಬೀದಿಗೇ ಕೇಳುವಂತೆ ಇತ್ತು. ಅವನ ಮುಖ ಕೆಂಪಾಗಿ ಕುತ್ತಿಗೆಯ ನರ ಉಬ್ಬಿತ್ತು, ಎಡಗೈ ಕುರ್ಚಿಯ ತೋಳನ್ನು ಬಡಿಯುತ್ತಿತ್ತು. ಕೆಳಗಿನ ಮನೆಯ ಕಿಟಕಿ ತೆರೆದ ಸದ್ದಾಯಿತು. ಅವಳು ಕೈ ತೆಗೆದಳು. ಅವನು ಬೆರಳಲ್ಲಿ ಆ ಮೂತಿ ತೋರಿಸಿ ಗಾಳಿಯಲ್ಲಿ ಗೆರೆ ಹೊಡೆದ, ಈ ಮೂತಿ ತೋರಿಸಿ ಮೆಲ್ಲಗೆ, ಮಗುವಿಗೆ ಹೇಳುವಂತೆ, "ಮೆರ್ಸಿ" ಅಂದ. ಗ್ಯಾಸಿಗೆ ಒಂದು ಮೂತಿ, ಬಿಯರು ಹೊರಬರುವುದಕ್ಕೆ ಇನ್ನೊಂದು. ಅವಳು ತಪ್ಪಾದದ್ದಕ್ಕೆ ಗುದ್ದಾಡುತ್ತಿದ್ದಳು. ಸರಿಯಾದ ಮೂತಿಗೆ ಇಟ್ಟೊಡನೆ ಅದು ಟಕ್ಕೆಂದು ಕೂತಿತು. ಅವಳಿಗೆ ತಡೆಯಲಾಗದೆ ನಗು ಬಂತು. "ಅಯ್ಯೋ, ಬೈದೆಯಲ್ಲೋ ನನ್ನ! ಮೆರ್ಸಿ ಮೆರ್ಸಿ ಅಂತಲೇ ಕತ್ತೆ ಅಂದುಬಿಟ್ಟೆಯಲ್ಲ!" ಅವನ ಬಾಯಿಯ ಒಂದು ಬದಿ ಮೇಲಕ್ಕೆ ಹೋಯಿತು. ನಕ್ಕಾಗ ಅವನ ಹೊಟ್ಟೆ ಅಲುಗುತ್ತಿದ್ದದ್ದು ಮೊದಲಿನ ಹಾಗೆಯೇ ಇತ್ತು. ಅವಳು ನೆಲದ ಮೇಲೆಯೇ, ಚೆಲ್ಲಿದ ನೀರಿನಲ್ಲಿ ಕೂತುಬಿಟ್ಟಳು. ಹಾಗಾದರೆ ಈ ಒಂದು ತಿಂಗಳಿನಿಂದ ಅವನು ಒಂದೇ ಮಾತಲ್ಲಿ ಏನೇನು ಹೇಳಿರಬಹುದು; ತಾನು ಆ ಮಾತನ್ನು ಮಾತ್ರ ಕೇಳಿಸಿಕೊಂಡು, ದನಿಗೆ ಕಿವಿಗೊಡದೆ ಕೂತಿದ್ದೆನಲ್ಲ. ಸೂಪು ಬಿಸಿ ಎಂದಿದ್ದನೋ, ಕಾಲು ನೋಯುತ್ತದೆ ಎಂದಿದ್ದನೋ, ಪಕ್ಕದಲ್ಲಿ ಕೂರು ಎಂದಿದ್ದನೋ.

ಸಿಲಿಂಡರು ತಿರುಗಿಸಿದಾಗ ಗ್ಯಾಸು ನುಗ್ಗಿತು. ಆದರೆ ಸದ್ದು ನಿಲ್ಲಲಿಲ್ಲ. ಎಲ್ಲಿಂದಲೋ ಸಣ್ಣಗೆ ಹಾವಿನಂತೆ ಸುಯ್ಗುಡುತ್ತಲೇ ಇತ್ತು. ಮಾನೂಗ್‌ನ ಹುಬ್ಬು ಗಂಟಿಕ್ಕಿತು. ಸಿಲಿಂಡರು ಮುಚ್ಚಿದಳು. ನಿಶಾನ್‌ಗೆ ಫೋನು ಮಾಡದೆ ಗತಿಯಿರಲಿಲ್ಲ. ಆಸ್ಪತ್ರೆಗೆ ಒಮ್ಮೆ ಬಂದು ಹಣ್ಣಿಟ್ಟು ಹೋದವನು, ಮನೆಗೆ ಕಾಲಿಟ್ಟಿರಲಿಲ್ಲ. ಭಾನುವಾರದ ಉಳಿದಿಬ್ಬರೂ ಅಷ್ಟೇ. ಅವರ ಬಗ್ಗೆ ಅವಳು ಎಷ್ಟು ಕಹಿಯಾಗಿ ಯೋಚಿಸಿದ್ದಳೆಂದರೆ, ಫೋನಿನಲ್ಲಿ ತನ್ನ ದನಿ ಅಷ್ಟು ಮೆತ್ತಗೆ ಹೊರಟಿದ್ದಕ್ಕೆ ನಾಚಿಕೆಯಾಯಿತು.

ನಿಶಾನ್ ಏದುಸಿರು ಬಿಡುತ್ತ ಬಂದ. ಸರ್ಕಾರದ ಕರೆಂಟು ಹೋದಾಗ ಬೀದಿಯ ಜನರೇಟರಿನವನು ಕೊಡುವ ಕರೆಂಟಿನಲ್ಲಿ ಲಿಫ್ಟು ಓಡುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಸಾವಿನ ಮನೆಗೆ ಬಂದವನ ಹಾಗೆ. ಮಾನೂಗ್ ಅವನನ್ನು ನೋಡಿ ಎಡಗೈ ಎತ್ತಿ "ಮೆರ್ಸಿ" ಅಂದ.

ನಿಶಾನ್‌ನ ಮುಖ ಸಣ್ಣದಾಯಿತು. "ಛೆ ಛೆ, ನಂಗ್ಯಾಕೋ ಅದೆಲ್ಲ? ನಾನೇನು ಮಾಡ್ದೆ ಅಂತ..."

"ಅದು ಹಾಗಲ್ಲ," ಎಂದಳು ಜಬೆಲ್. "ಅವನ ಹತ್ರ ಇರೋದು ಅದೊಂದೇ ಮಾತು. ಈಗ ಬೈದ ಅನ್ಸುತ್ತೆ."

ಮಾನೂಗ್‌ನ ಹೊಟ್ಟೆ ಅಲುಗಿತು. ನಿಶಾನ್ ಇಬ್ಬರನ್ನೂ ನೋಡಿದ. ಟೋಪಿಯನ್ನು ಮೊಳೆಗೆ ತಗುಲಿಹಾಕಿದ. "ಬೈಸ್ಕೋಬೇಕಾದ್ದೇ ಅತ್ತಿಗೆ. ಕೆಳಗಿನ ಗಲ್ಲಿವರೆಗೂ ಬರ್ತಿದ್ದೆ. ಲಿಫ್ಟಿಲ್ಲ, ನಾಲ್ಕು ಮಹಡಿ ಯಾರು ಹತ್ತೋದು ಅಂತ ನಂಗೆ ನಾನೇ ಹೇಳ್ಕೊಂಡು ವಾಪಸ್ ಹೋಗ್ತಿದ್ದೆ."

"ಇವತ್ತೂ ಲಿಫ್ಟಿಲ್ವಲ್ಲ."

"ಇವತ್ತು ನೀವು ಕರೆದ್ರಲ್ಲ."

ಅವನು ಪೀಪಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಸಾಬೂನು ನೊರೆ ಬೇಕು ಎಂದಾಗ ಅವಳು ಬೆಳಗಿನ ಕ್ಷೌರದ ಬಟ್ಟಲನ್ನೇ ತಂದುಕೊಟ್ಟಳು. ನಿಶಾನ್ ಬ್ರಷ್ಷಿನಿಂದ ಪೀಪಾಯಿಯ ತಲೆಗೆಲ್ಲ, ಮೂತಿಗಳ ಸುತ್ತ, ಮುಚ್ಚಳದ ಅಂಚಿಗೆ ನೊರೆ ಬಳಿದ. "ಮಾನೂಗ್, ನಿನಗಿಂತ ಇದು ಚೆನ್ನಾಗಿ ಕ್ಷೌರ ಮಾಡಿಸ್ಕೊಳ್ಳುತ್ತೆ ಕಣೋ." ಸಿಲಿಂಡರು ತೆರೆದೊಡನೆ ಮುಚ್ಚಳದ ಒಂದು ಬದಿಯಲ್ಲಿ ನೊರೆ ಗುಳ್ಳೆಗುಳ್ಳೆಯಾಗಿ ಎದ್ದಿತು. "ಇಲ್ಲಿ ನೋಡಿ. ರಬ್ಬರಿನ ಉಂಗುರ ಒಣಗಿಹೋಗಿದೆ, ಅಷ್ಟೇ." ಗ್ಯಾಸು ಹೊರಬಿಟ್ಟು, ಮುಚ್ಚಳ ತೆಗೆದು, ಜೇಬಿನಿಂದ ಹೊಸ ಉಂಗುರ ತೆಗೆದ. ಅವಳು ಎಣ್ಣೆ ಸವರಲು ಹೋದಾಗ ತಡೆದ: "ಎಣ್ಣೆ ಬೇಡ ಅತ್ತಿಗೆ, ಬಿಯರಿನ ನೊರೆ ನಿಲ್ಲಲ್ಲ." ಉಂಗುರವನ್ನು ಸೋಂಕು ತೆಗೆಯುವ ನೀರಿನಲ್ಲಿ ಅದ್ದಿ ಕೂರಿಸಿ ಮತ್ತೆ ನೊರೆ ಬಳಿದ. ಈ ಸಲ ಅದು ಅಲುಗಾಡಲಿಲ್ಲ. ಫ್ರಿಜ್ಜಿನ ಎರಡು ತಟ್ಟೆ ಕಿತ್ತು ಪೀಪಾಯಿಯನ್ನು ಒಳಗೆ ನಿಲ್ಲಿಸಿ, ಪಕ್ಕದಲ್ಲೇ ಸಿಲಿಂಡರು ಇಟ್ಟ. ಅಲ್ಲಿದ್ದ ಚೀಸು, ಉಪ್ಪಿನಕಾಯಿ, ಮೊಸರೆಲ್ಲ ಚಳಿಗಾಲದ ಬಾಲ್ಕನಿಗೆ ಹೋದವು. "ಒಂದು ವಾರ ಹೀಗೇ ಇರಲಿ. ಗ್ಯಾಸು ನಿಧಾನಕ್ಕೆ ಬಿಯರೊಳಗೆ ಇಳಿಯುತ್ತೆ. ಬಾಗಿಲು ತೆಗೆದು ತೆಗೆದು ನೋಡಬೇಡಿ."

ಕಾಫಿ ಕುಡಿಯುವಾಗ ಅವನು ಅವಳ ಕೈ ನೋಡಿದ. ಅವಳಿಗೆ ಗೊತ್ತಿಲ್ಲದೆಯೇ ಎಡಗೈಯಿಂದ ಬಲ ಮಣಿಕಟ್ಟನ್ನು ತಿಕ್ಕಿಕೊಳ್ಳುತ್ತಿದ್ದಳು.

"ಇನ್ನೂ ಊದಿಕೊಳ್ಳುತ್ತಾ? ಅವತ್ತೇ ಇವನು ಹೇಳ್ತಿದ್ದ."

"ಯಾವತ್ತು?"

"ಈ ಪೀಪಾಯಿ ಒಯ್ಯೋಕೆ ಅಂಗಡಿಗೆ ಬಂದಾಗ. ಬಾಟ್ಲಿ ಮುಚ್ಚಳ ಒತ್ತಿ ಒತ್ತಿ ಅವಳ ಕೈ ಹಾಳಾಗ್ತಿದೆ, ದಿನವಿಡೀ ಹೊಲಿಯೋ ಕೈ ಅದು, ಸತ್ರೂ ಬಾಯಿಬಿಟ್ಟು ಹೇಳೋಳಲ್ಲ ಅಂದ. ನಾನು ಇದನ್ನ ಬೇರೆ ಯಾರಿಗೋ ಇಟ್ಟಿದ್ದೆ. ಬಿಡಲೇ ಇಲ್ಲ, ಹೊತ್ಕೊಂಡೇ ಹೋದ."

ಜಬೆಲ್ ಕಾಫಿಯ ಬಟ್ಟಲನ್ನು ತಟ್ಟೆಯ ಮೇಲಿಟ್ಟಳು. "ನನಗೆ ಹಾಗೆ ಹೇಳಲಿಲ್ಲ."

"ನಿಮಗೇನಂದ?"

"ಇನ್ಮೇಲೆ ನಿನ್ನ ಹಂಗಿಲ್ಲ ಅಂದ."

ನಿಶಾನ್ ಗೆಳೆಯನ ಕಡೆ ತಿರುಗಿ ತಲೆ ಅಲ್ಲಾಡಿಸಿದ. "ಅವನು ಅನ್ನೋದೇ ಹಾಗಲ್ವಾ ಅತ್ತಿಗೆ."

ಅವನು ಹೋದ ಮೇಲೆ ಅವಳು ಕುರ್ಚಿಯ ಮುಂದೆ ಸ್ಟೂಲು ಎಳೆದುಕೊಂಡು ಕೂತಳು. ನಿಶಾನ್ ಹೇಳಿದ್ದು ನಿಜವೋ, ಇಷ್ಟು ದಿನ ಬಾರದಿದ್ದ ತಪ್ಪಿಗೆ ಸಮಾಧಾನದ ಮಾತಾಡಿ ಹೋದನೋ? ಕೇಳಬಹುದಾದವನು ಎದುರಿಗೇ ಇದ್ದ. "ನನ್ನ ಕೈ ನೋಯುತ್ತೆ ಅಂತ ತಂದ್ಯಾ, ಇಲ್ಲ ನನ್ನ ಮೇಲಿನ ಸಿಟ್ಟಿಗೆ ತಂದ್ಯಾ?" ಮಾನೂಗ್ ಬಾಯಿ ತೆರೆದ. ಆ ಮಾತು ತುಟಿಯವರೆಗೆ ಬಂದದ್ದನ್ನು ಅವಳು ನೋಡಿದಳು. ಇನ್ನೇನು ಹೊರಬೀಳಬೇಕು, ಅವನು ಬಾಯಿ ಮುಚ್ಚಿದ. ಇದಕ್ಕೆ ಆ ಮಾತು ಸಾಲದು ಎಂದು ಅವನಿಗೂ ಅನ್ನಿಸಿರಬೇಕು. ಹೌದು ಎಂದು ತಲೆಯಾಡಿಸಿದ. ಯಾವುದಕ್ಕೆ ಹೌದು? ಎರಡು ಪ್ರಶ್ನೆಯನ್ನು ಒಟ್ಟಿಗೆ ಕೇಳಿದ್ದು ತನ್ನದೇ ತಪ್ಪು ಎಂದು ಹೊಳೆದು ಬೇರೆ ಬೇರೆ ಮಾಡಿ ಕೇಳಲು ಹೊರಟವಳು ಸುಮ್ಮನಾದಳು. ಎರಡಕ್ಕೂ ಇರಬಹುದು. ಸಿಟ್ಟಿನಲ್ಲೇ ಅವಳ ಕೈ ನೆನೆದಿರಬಹುದು. ಕೈ ನೆನೆದದ್ದಕ್ಕೇ ಸಿಟ್ಟು ಬಂದಿರಬಹುದು. ಹೊರೆಯನ್ನು ನಾಲ್ಕು ಮಹಡಿ ಹೊತ್ತು ತಂದು, ಕೊಡುವುದು ಹೇಗೆಂದು ತಿಳಿಯದೆ, ದೊಪ್ಪನೆ ಇಟ್ಟು ಚುಚ್ಚುಮಾತು ಆಡಿರಬಹುದು. ಈ ಮನುಷ್ಯನಿಗೆ ಲಕ್ವ ಹೊಡೆಯುವ ಮುಂಚೆಯೂ ಕೆಲವು ಮಾತುಗಳು ಬರುತ್ತಿರಲಿಲ್ಲ. ತನಗೂ ಎಲ್ಲಿ ಬರುತ್ತಿದ್ದವು? ಕೈ ನೋಯುತ್ತದೆ ಎನ್ನುವ ಬದಲು ಕೂಲಿ ಆಳಾ ಎಂದು ಕೂಗಿದವಳು ತಾನೇ ಅಲ್ಲವೇ.

"ಆ ದಿನ ನೀನು ಕರೆದದ್ದು ನನಗೆ ಕೇಳಿಸಿತ್ತು," ಎಂದಳು. ಎಷ್ಟೋ ದಿನದಿಂದ ಗಂಟಲಲ್ಲಿದ್ದದ್ದು ಅಷ್ಟು ಸುಲಭವಾಗಿ ಹೊರಗೆ ಬಿತ್ತು. ಅವನು ಅವಳ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತತೊಡಗಿದ, ತೊಗಲಿನಲ್ಲಿ ತೆಳುವಾದ ಜಾಗ ಹುಡುಕುವವನ ಹಾಗೆ. ಕಿಟಕಿಯಾಚೆ ತಂತಿಗಳ ಜಾಲದ ನಡುವೆ ಯಾರೋ ಮೇಲಿನ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಬಿಟ್ಟು ತರಕಾರಿಯವನ ಜೊತೆ ಜಗಳವಾಡುತ್ತಿದ್ದರು. ಕೈ ಬಿಡಿಸಿಕೊಳ್ಳಬೇಕು ಎಂದು ಅವಳಿಗೆ ಅನ್ನಿಸಲಿಲ್ಲ. ಬದುಕಿದ್ದಾನಲ್ಲ ಎಂದುಕೊಂಡಳು. ಇಷ್ಟು ಹತ್ತಿರದ ವಿಷಯ ಇಷ್ಟು ತಡವಾಗಿ ಹೊಳೆದದ್ದಕ್ಕೆ ಅವಳಿಗೆ ಆಶ್ಚರ್ಯವಾಯಿತು.

ಮುಂದಿನ ಭಾನುವಾರ ಇಗರ್ಜಿಯ ಗಂಟೆ ಮುಗಿದ ಮೇಲೆ ನಿಶಾನ್ ಉಳಿದಿಬ್ಬರನ್ನೂ ಹಿಡಿದುಕೊಂಡು ಬಂದ. ಅವರು ಬಾಲ್ಕನಿಯಲ್ಲಿ ಮೈ ಮುದುಡಿಕೊಂಡು ಕೂತು, ಕಿವುಡನ ಜೊತೆ ಮಾತಾಡುವಂತೆ ಮಾನೂಗ್‌ನ ಜೊತೆ ಜೋರಾಗಿ ಮಾತಾಡಿದರು. "ಅವನಿಗೆ ಕಿವಿ ಚೆನ್ನಾಗಿದೆ," ಎಂದಳು ಜಬೆಲ್, ನೆನೆಸಿದ ಕಾಳು, ಆಲಿವ್ ಇಡುತ್ತ. ಮಾನೂಗ್ ಅವರಲ್ಲೊಬ್ಬನ ಹೊಸ ಮೀಸೆ ನೋಡಿ ಬಹಳ ಹೊತ್ತು ಎಳೆದು "ಮೆ...ರ್ಸಿ" ಎಂದಾಗ, ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ; ಆಮೇಲೆ ಮೀಸೆಯವನೇ ಮೊದಲು ನಕ್ಕ.

ಅವಳು ಫ್ರಿಜ್ಜಿನಿಂದ ಪೀಪಾಯಿ ಎಳೆದು ತಂದು ಅವನ ಕುರ್ಚಿಯ ಪಕ್ಕ ನಿಲ್ಲಿಸಿ ಇನ್ನೊಂದು ಮೂತಿಗೆ ನಲ್ಲಿಯ ಕೊಳವೆ ಹಾಕಿದಳು. ಲೋಟ ಹಿಡಿದು ನಲ್ಲಿ ಒತ್ತಿದರೆ ಬರೀ ನೊರೆ ಭುಸ್ಸೆಂದು ನುಗ್ಗಿ, ಉಕ್ಕಿ, ಅವಳ ಮೊಣಕೈವರೆಗೆ ಇಳಿಯಿತು. ಮೂವರೂ ನೋಡುತ್ತಿದ್ದರು. ಇನ್ನೊಂದು ಲೋಟ, ಮತ್ತೆ ನೊರೆ. ಅವಳ ಕಿವಿ ಬಿಸಿಯಾಯಿತು. ಅಷ್ಟೆಲ್ಲ ತೊಳೆದು, ತುಂಬಿ, ಕಾದು, ಕೊನೆಗೆ ಜನರ ಮುಂದೆ ಸಾಬೂನು ನೀರು ಬಡಿಸಿದಂತಾಯಿತಲ್ಲ. ನಿಶಾನ್ ಏಳುವುದಕ್ಕೆ ಹೊರಟ. ಮಾನೂಗ್ ಅವನನ್ನು ಕಣ್ಣಲ್ಲೇ ಕೂರಿಸಿದ. ಪೀಪಾಯಿಯ ಮುಚ್ಚಳದ ಮೇಲೆ ಗಾಳಿ ಬಿಡುವ ಪುಟ್ಟ ಲೋಹದ ಉಂಗುರ ತೋರಿಸಿದ. ಅವಳು ಎಳೆದಾಗ ಹೆಚ್ಚಿನ ಗಾಳಿ ನಿಟ್ಟುಸಿರಿನಂತೆ ಹೊರಗೆ ಹೋಯಿತು. ಆಮೇಲೆ ಅವನು ಅವಳ ಕೈಯಿಂದ ಹೊಸ ಲೋಟ ತೆಗೆದುಕೊಂಡು ಎಡಗೈಯಲ್ಲಿ ಓರೆಯಾಗಿ ಹಿಡಿದ. ಇನ್ನೊಂದು ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಒತ್ತು ಎಂದು ಗದ್ದ ಆಡಿಸಿದ. ಅವಳು ನಲ್ಲಿ ಒತ್ತಿದಳು. ಬಿಯರು ಲೋಟದ ಗೋಡೆ ಹಿಡಿದು ಜಾರಿತು. ತುಂಬುತ್ತ ಬಂದಂತೆ ಅವನು ಲೋಟವನ್ನು ಮೆಲ್ಲಗೆ ನೆಟ್ಟಗೆ ಮಾಡಿದ, ಮೇಲೆ ಎರಡು ಬೆರಳು ದಪ್ಪ ಬಿಳಿ ನೊರೆ ನಿಂತಿತು.

ಮೀಸೆಯವನು ಕೈ ಚಾಚಿದ. ಮಾನೂಗ್ ಅದನ್ನು ದಾಟಿಸಿ ಲೋಟವನ್ನು ಜಬೆಲ್‌ನ ಕಡೆಗೆ ಹಿಡಿದ.

"ನಂಗಾ? ನಾನು ಕುಡಿಯಲ್ಲ, ನಿಂಗೊತ್ತಲ್ಲ. ಅವರಿಗೆ ಕೊಡು."

ಲೋಟದಲ್ಲಿ ನೊರೆಯ ಅಂಚು ಅಲುಗಿತು. ಅವನ ಕೈ ಮಾತ್ರ ಕೆಳಗಿಳಿಯಲಿಲ್ಲ. ಅವಳು ತೆಗೆದುಕೊಂಡಳು. ಮೂವತ್ತು ವರ್ಷದಲ್ಲಿ ಬಾಟಲಿಗಳ ತಳದಲ್ಲಿ ಉಳಿದದ್ದನ್ನು ಮೂಸಿ ಚೆಲ್ಲಿದ್ದಳೇ ಹೊರತು ನಾಲಿಗೆಗೆ ಮುಟ್ಟಿಸಿರಲಿಲ್ಲ. ಒಂದು ಗುಟುಕು ಕುಡಿದಳು. ತಣ್ಣಗೆ ಕಚ್ಚಿತು, ಮೂಗಿಗೆ ಏರಿತು, ಆಮೇಲೆ ನಾಲಿಗೆಯ ಹಿಂದೆ ಮೆಲ್ಲಗೆ ಕೂತಿತು.

"ಕಹಿ," ಎಂದಳು.

"ಹಾಗಿದ್ರೆ ಸರಿಯಾಗಿ ಬಂದಿದೆ," ಎಂದ ನಿಶಾನ್.

ಮಾನೂಗ್ ಅವಳ ಮುಖವನ್ನೇ ನೋಡುತ್ತಿದ್ದ, ಅಂದು ಬಿಯರು ಇಳಿಯುವಾಗ ನೋಡಿದ ಹಾಗೆ. ಅವಳು ಇನ್ನೊಂದು ಗುಟುಕು ಕುಡಿದಳು. ಮೂರು ಜನ ಗಂಡಸರು ಖಾಲಿ ಲೋಟ ಹಿಡಿದು ಕಾಯುತ್ತಿದ್ದರು. ಕಾಯಲಿ ಎಂದುಕೊಂಡು, ಕುರ್ಚಿಯನ್ನು ಗಂಡನ ಪಕ್ಕಕ್ಕೆ ಎಳೆದು ಕೂತು, ಜಬೆಲ್ ಆ ಲೋಟವನ್ನು ನಿಧಾನವಾಗಿ, ತಳದವರೆಗೂ ಕುಡಿದು ಮುಗಿಸಿದಳು.